ಕೊಂದದ್ದು ಯಾರು ಅಂತ ಹೇಳಲೇ ಇಲ್ಲ

ನಮ್ಮ ಮನೆಯಲ್ಲಿ ಒಂದು ನೀಲಿ ಸೂಟ್‌ಕೇಸ್ ಇದೆ. ಅದರ ಒಂದು ಚಿಲಕ ಮುರಿದಿದೆ. ಮದುವೆಯಾಗಿ ಕುಮಟಾದಿಂದ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದಾಗ ಅದರ ತುಂಬ ಸೀರೆಗಳಿದ್ದವು. ಈಗ ಕನ್ನಡ ಪುಸ್ತಕಗಳಿವೆ. ವನ್ ಬಿಎಚ್‌ಕೆ ಮನೆಯಲ್ಲಿ ಪುಸ್ತಕಕ್ಕೆ ಅಂತ ಕಪಾಟು ಎಲ್ಲಿಡುವುದು? ಮಂಚದ ಕೆಳಗೆ ತಳ್ಳಿದ್ದೇನೆ. ಯಾರಾದರೂ ಪುಸ್ತಕ ಕೇಳಿಕೊಂಡು ಬಂದರೆ ನೆಲದ ಮೇಲೆ ಕೂತು ಎಳೆಯಬೇಕು. ಎಳೆದಾಗ ಕರ್ರ್ ಎಂದು ಸದ್ದಾಗುತ್ತದೆ. ಕೆಳಗಿನ ಮನೆಯವರಿಗೆ ಅಷ್ಟರಲ್ಲೇ ತಿಳಿಯುತ್ತದೆ, ಮೇಲೆ ಯಾರೋ ಓದುವವರು ಬಂದಿದ್ದಾರೆ ಅಂತ.

ಲೈಬ್ರರಿ ಮಾಡಬೇಕು ಅಂತ ಮಾಡಿದ್ದಲ್ಲ. ಬ್ಯಾಂಕಿನ ಕೆಲಸ ಮುಗಿದ ಮೇಲೆ ದಿನ ಉದ್ದ ಅನ್ನಿಸತೊಡಗಿತು. ಬೆಂಗಳೂರಿನಿಂದ ಹೊಸ ಕಾದಂಬರಿ, ಕಥೆ ಪುಸ್ತಕ ತರಿಸತೊಡಗಿದೆ. ಪಾರ್ಸೆಲ್ ಮೇಲಿನ ಅಕ್ಷರ ನೋಡಿ ವಾಚ್‌ಮನ್ ಬಿ ವಿಂಗಿನವರಿಗೆ ಹೇಳಿದ. ಅವರು ಇನ್ನೊಬ್ಬರಿಗೆ ಹೇಳಿದರು. ಈಗ ಹನ್ನೊಂದು ಜನ ಓದುಗರಿದ್ದಾರೆ. ಫೀಸು ಇಲ್ಲ, ದಂಡ ಇಲ್ಲ. ಒಂದು ನೋಟ್‌ಬುಕ್ ಇದೆ, ಅಷ್ಟೇ. ಬ್ಯಾಂಕಿನ ಚಟ, ಬರೆದಿಡದೆ ಕೈ ಸುಮ್ನಿರೋದಿಲ್ಲ. ಹೆಸರು, ಒಯ್ದ ದಿನ, ವಾಪಸ್ ಬಂದ ದಿನ. ಆಮೇಲೆ ನಾಲ್ಕನೇ ಕಾಲಂ ಒಂದು ಸೇರಿಸಿದೆ: ಹೇಗೆ ಬಂತು.

ಆ ಕಾಲಂ ಓದಲು ನನಗೇ ಖುಷಿ. "ಎಣ್ಣೆ ಕಲೆ, ಎರಡು ಪುಟ." "ಮರುದಿನವೇ ಬಂತು. ಕಣ್ಣು ಕೆಂಪು." "ಅರ್ಧದವರೆಗೆ ಮೂಲೆ ಮಡಚಿದ್ದಾರೆ, ಆಮೇಲೆ ಇಲ್ಲ." ಈ ಕೊನೆಯದಕ್ಕೆ ಎರಡು ಅರ್ಥ. ಒಂದೋ ಅರ್ಧಕ್ಕೇ ಬಿಟ್ಟರು, ಇಲ್ಲವೋ ಅಲ್ಲಿಂದ ಮುಂದೆ ನಿಲ್ಲಿಸದೆ ಓದಿದರು. ಯಾವುದು ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

ನನ್ನ ಮೊದಲ ಓದುಗರು ಭಟ್ರು. ಕುಂದಾಪುರ ಕಡೆಯವರು. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ಆಮೇಲೆ ಸಪ್ಲಯರ್ ಆದರು, ಆಮೇಲೆ ಅಡುಗೆಗೆ ಹೋದರು. ಹಗಲು ಹೋಟೆಲು, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಆ ಕಾಲದಲ್ಲಿ ನೂರಾರು ಹೋಟೆಲ್ ಹುಡುಗರು ಹಾಗೆಯೇ ಅಕ್ಷರ ಕಲಿತರು. ಭಟ್ರು ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಅನ್ನುತ್ತಾರೆ. ಅವರಿಗೆ ಬೇಕಾದದ್ದು ಪತ್ತೇದಾರಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹೋಟೆಲಿನ ಮಾಳಿಗೆಯಲ್ಲಿ ಅಕ್ಕಿ ಮೂಟೆಗೆ ಒರಗಿ ಓದಿದವರು. "ಹೊಸ ಕಾಲದವರು ಅಂಥದ್ದು ಬರೀತ್ರಾ?" ಅಂತ ಕೇಳಿದರು.

ನಾನು ತುಸು ಕಿಡಿಗೇಡಿತನದಿಂದಲೇ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಟ್ಟೆ. 2013ರಲ್ಲಿ ಬಂದ ಸಣ್ಣ ಪುಸ್ತಕ. ಇಂಗ್ಲಿಷಿಗೆ ಹೋಗಿ ಬೇರೆ ಬೇರೆ ದೇಶಗಳಲ್ಲೆಲ್ಲ ಸುದ್ದಿಯಾದದ್ದು. (ಓದದವರು ಈ ಪ್ಯಾರಾ ಹಾರಿಸಿ ಮುಂದೆ ಹೋಗಿ.) ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಕಂಡ ಒಂದು ಕುಟುಂಬ. ಮನೆಯ ಮಗ ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳುತ್ತಾನೆ. ಊರಿಗೆ ಹೋದ ಹೆಂಡತಿ ಇನ್ನೂ ವಾಪಸ್ ಬಂದಿಲ್ಲ. ಏನಾಯಿತು ಅವಳಿಗೆ? ಪುಸ್ತಕ ಹೇಳುವುದಿಲ್ಲ. ಹೊಟ್ಟೆಯಲ್ಲಿ ಒಂದು ಕಲ್ಲು ಇಟ್ಟು ಮುಗಿಸಿಬಿಡುತ್ತದೆ.

ನಾಲ್ಕನೇ ದಿನ ಭಟ್ರು ಬಂದರು. ಬಾಗಿಲಲ್ಲೇ ನಿಂತು, "ಅಲ್ಲ ಅಕ್ಕ, ಕೊಂದದ್ದು ಯಾರು ಅಂತ ಕಡೆಗೂ ಹೇಳ್ಲೇ ಇಲ್ಲ ಅಲ್ದಾ ಮರಾಯ್ರೆ!" ಅಂದರು. ಕೊಂದಿದ್ದಾರೆ ಅಂತ ಯಾರು ಹೇಳಿದ್ದು ಅಂದೆ. "ಕೊಂದಿದ್ರು. ಆ ಸಪ್ಲಯರ್‌ಗೆ ಗೊತ್ತಿತ್ತು."

ಆ ಕಾದಂಬರಿಯಲ್ಲಿ ವಿನ್ಸೆಂಟ್ ಅಂತ ಒಬ್ಬ ಸಪ್ಲಯರ್ ಇದ್ದಾನೆ. ಬಿಳಿ ಸಮವಸ್ತ್ರ, ಎರಡೇ ಮಾತು, ಆ ಮಾತಿಗೆ ಕಥಾನಾಯಕ ನೂರು ಅರ್ಥ ಹುಡುಕುತ್ತಾನೆ. ನಾನು ಅವನನ್ನು ಲೇಖಕರು ಇಟ್ಟ ಒಂದು ಚಂದದ ಉಪಾಯ ಅಂದುಕೊಂಡಿದ್ದೆ. ಭಟ್ರಿಗೆ ಅವನು ಸಹೋದ್ಯೋಗಿ. "ಟೇಬಲ್ ಒರೆಸುವವನ ಎದುರು ಜನ ಎಲ್ಲ ಮಾತಾಡ್ತ್ರು ಅಕ್ಕ. ಅವನಿಗೆ ಕಿವಿ ಇಲ್ಲ ಅಂತ ತಿಳ್ಕಂಡು. ದುಡ್ಡಿನ ಮಾತು, ಹೆಣ್ಣಿನ ಮಾತು, ಕೋರ್ಟಿನ ಮಾತು. ಲೋಟ ಇಡುವ ಹೊತ್ತಿಗೆ ಅರ್ಧ ಕೇಳ್ತಿತ್ತು, ತೆಗೆಯುವ ಹೊತ್ತಿಗೆ ಉಳಿದರ್ಧ." ಮಾತು ನಿಲ್ಲಿಸಿ, "ನಂಗೂ ಸುಮಾರು ಗೊತ್ತಿತ್ತು," ಅಂದರು. ಅಷ್ಟೇ. ಏನು ಗೊತ್ತಿತ್ತು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ನಾಲ್ಕನೇ ಕಾಲಮ್ಮಿನಲ್ಲಿ ಆ ದಿನ ಬರೆದದ್ದು: "ಪತ್ತೇದಾರಿ ಅಂತ ಓದಿದರು. ಸರಿಯಾಗಿಯೇ ಓದಿದರು."

ನಾನು ಬೆಳೆದ ಮನೆಯಲ್ಲಿ ಈ ಮಾತು ನಡೆಯುತ್ತಿರಲಿಲ್ಲ. ಅಲ್ಲಿ ಎರಡು ಜಾತಿ. ಅಪ್ಪ ಓದುವುದು ಸಾಹಿತ್ಯ, ಅಮ್ಮ ಓದುವುದು ಕಾದಂಬರಿ. ಸಾಹಿತ್ಯ ಮೇಜಿನ ಮೇಲೆ ಇರುತ್ತಿತ್ತು, ಕಾದಂಬರಿ ದಿಂಬಿನ ಕೆಳಗೆ. ಪೇಟೆಯ ವಾಚನಾಲಯದಲ್ಲೂ ಹಾಗೆಯೇ. ಸಾಹಿತ್ಯಕ್ಕೆ ಗಾಜಿನ ಬಾಗಿಲು, ಬೀಗ. ಪತ್ತೇದಾರಿ, ಸಾಮಾಜಿಕ ಕಾದಂಬರಿಗಳು ಹೊರಗಿನ ರ್‍ಯಾಕಿನಲ್ಲಿ, ಬೆನ್ನು ಕಿತ್ತು, ಮೊದಲ ಪುಟ ಇಲ್ಲದೆ. ಕೊನೆಯ ಪುಟವೂ ಇರುತ್ತಿರಲಿಲ್ಲ ಕೆಲವಕ್ಕೆ. ಅಮ್ಮ ತಾನೇ ಕೊನೆ ಕಟ್ಟಿ ನಮಗೆ ಹೇಳುತ್ತಿದ್ದಳು. ಈಗಿನ ಬರಹಗಾರರು ಬೇಕಂತಲೇ ಆ ಕೊನೆಯ ಪುಟ ಹರಿದು ಕೊಡುತ್ತಾರೆ ಅನ್ನಿಸುತ್ತದೆ.

ಈ ಎರಡು ಜಾತಿಯ ಲೆಕ್ಕ ಎಲ್ಲ ಕಡೆ ಇಲ್ಲ ಅಂತ ನನಗೆ ಗೊತ್ತಾದದ್ದು ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ. ಇಪ್ಪತ್ತೆಂಟು ವರ್ಷ ಡೊಂಬಿವಲಿಯಿಂದ ಸಿಎಸ್‌ಟಿ ಫಾಸ್ಟ್. ಫೋರ್ತ್ ಸೀಟಿನಲ್ಲಿ, ಅಂದರೆ ಮೂವರ ಸೀಟಿನ ತುದಿಯಲ್ಲಿ, ಅರ್ಧ ಕೂತು, ಅರ್ಧ ಗಾಳಿಯಲ್ಲಿ. ಒಬ್ಬರು ಮೆಂತೆ ಸೊಪ್ಪು ಬಿಡಿಸುತ್ತಾರೆ, ಒಬ್ಬರು ಹನುಮಾನ್ ಚಾಲೀಸಾ, ದೀಪಾವಳಿಯ ಹಿಂದುಮುಂದು ಮರಾಠಿ ಹೆಂಗಸರ ಕೈಯಲ್ಲಿ ದಿವಾಳಿ ಅಂಕ, ಅಂದರೆ ದೀಪಾವಳಿ ವಿಶೇಷಾಂಕ. 1909ರಲ್ಲಿ 'ಮನೋರಂಜನ' ಪತ್ರಿಕೆ ಶುರು ಮಾಡಿದ ಪದ್ಧತಿ ಅದು. ನೂರು ವರ್ಷ ದಾಟಿದೆ. ಅದರಲ್ಲಿ ದೆವ್ವದ ಕಥೆಗೆ ಒಂದು ಅಂಕ, ರಹಸ್ಯಕ್ಕೆ ಒಂದು, ನಗೆಗೆ ಒಂದು, ಘನವಾದದ್ದಕ್ಕೆ ಇನ್ನೊಂದು. ದೊಡ್ಡ ದೊಡ್ಡ ಲೇಖಕರು ಎಲ್ಲದಕ್ಕೂ ಬರೆಯುತ್ತಿದ್ದರು. ನನ್ನ ಪಕ್ಕ ಕೂರುತ್ತಿದ್ದ ಮರಾಠಿ ಗೆಳತಿ ಠಾಣೆಯವರೆಗೆ ದೆವ್ವ ಓದಿ, ದಾದರಿನವರೆಗೆ ಕವಿತೆ ಓದುತ್ತಿದ್ದಳು. ಅವಳಿಗೆ ಅದರಲ್ಲಿ ಏನೂ ವಿಶೇಷ ಕಾಣುತ್ತಿರಲಿಲ್ಲ.

ಜಯಂತ ನಾರ್ಳೀಕರ್ ಅವರ ಕಥೆ ಹೇಳಿದ್ದೂ ಅವಳೇ. ಪುಣೆಯಲ್ಲಿ ಖಗೋಳ ವಿಜ್ಞಾನದ ಅಷ್ಟು ದೊಡ್ಡ ಸಂಸ್ಥೆ ಕಟ್ಟಿದ ವಿಜ್ಞಾನಿ. ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ವೈಜ್ಞಾನಿಕ ಕಥೆ ಕಳಿಸುವಾಗ ಅವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವಿ, ನಾರಾಯಣ ವಿನಾಯಕ ಜಗತಾಪ ಅಂತ ಸುಳ್ಳು ಹೆಸರು ಇಟ್ಟುಕೊಂಡರಂತೆ. ಹೆಸರು ನೋಡಿ ಬಹುಮಾನ ಕೊಡಬಾರದು ಅಂತ. ಬಹುಮಾನ ಬಂತು. ನಮ್ಮಲ್ಲೂ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆ ಬರೆದರು. ಆದರೆ ಆ ಹೆಸರು ಹೇಳಿದಾಗ ನನ್ನ ಹನ್ನೊಂದು ಜನರಲ್ಲಿ ತಲೆ ಆಡಿಸಿದವರು ಇಬ್ಬರೇ.

2025ರ ಮೇ 20ರಂದು ನಾರ್ಳೀಕರ್ ಪುಣೆಯಲ್ಲಿ ತೀರಿಕೊಂಡರು. ಗೆಳತಿ ಫೋನ್ ಮಾಡಿ ತುಂಬ ಹೊತ್ತು ಮಾತಾಡಿದಳು. ಅದೇ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್. ನಮಗೆ ತಿಳಿಯುವ ಹೊತ್ತಿಗೆ 21ರ ಬೆಳಗು. ಈ ಸಲ ನಾನು ಅವಳಿಗೆ ಫೋನ್ ಮಾಡಿದೆ. ಹಿಂದಿನ ದಿನ ಅತ್ತವಳು "ಅಗಬಾಯಿ!" ಅಂತ ಕೂಗಿದಳು. ಎರಡು ಫೋನುಗಳ ನಡುವೆ ಇಪ್ಪತ್ತನಾಲ್ಕು ಗಂಟೆಯೂ ಆಗಿರಲಿಲ್ಲ.

ಆಮೇಲಿನ ವಾರ ನಡೆದದ್ದು ತಮಾಷೆ. ಬಾನು ಅವರ ಕಥೆಗಳ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಮುಂಬಯಿಯ ಅಂಗಡಿಗಳಲ್ಲಿ ಗುಡ್ಡೆ ಹಾಕಿತ್ತು. ಕನ್ನಡದ್ದು ಕೇಳಿದರೆ ಅಂಗಡಿಯ ಹುಡುಗ, "ಮ್ಯಾಡಮ್, ರೀಜನಲ್ ಆ ಕಡೆ" ಅಂತ ಕೈ ತೋರಿಸಿದ. ಆ ಕಡೆ ಪೂರ್ತಿ ಮರಾಠಿ. ತಪ್ಪೇನಿಲ್ಲ, ಇದು ಅವರ ಪ್ರದೇಶ. ಹಾಗಾದರೆ ಮುಂಬಯಿಯಲ್ಲಿ ಕನ್ನಡ ಯಾವ ಪ್ರದೇಶದ ಭಾಷೆ? ಮಂಚದ ಕೆಳಗಿನ ಪ್ರದೇಶದ್ದು ಅಂತ ನಗುತ್ತ ಮನೆಗೆ ಬಂದೆ.

ಮಗಳು ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಇದು ನನ್ನದೇ ತಪ್ಪು. ಬೆಳಗಿನ ಫಾಸ್ಟು, ಸಂಜೆಯ ಸ್ಲೋ, ಅದರ ನಡುವೆ ಅಕ್ಷರ ಕಲಿಸುವುದು ನಾಳೆ ನಾಳೆ ಅಂತ ಇಪ್ಪತ್ತಾರು ವರ್ಷ ಆಯಿತು. ಅವಳು 'ಹಾರ್ಟ್ ಲ್ಯಾಂಪ್' ಇಂಗ್ಲಿಷಿನಲ್ಲಿ ಓದಿ ಒಂದು ರಾತ್ರಿ ಫೋನ್ ಮಾಡಿದಳು. ಕೊನೆಯ ಕಥೆ ಕನ್ನಡದಲ್ಲಿ ಹೇಗಿದೆ, ಓದಿ ಹೇಳು ಅಂದಳು. 'ಒಮ್ಮೆ ಹೆಣ್ಣಾಗು ಪ್ರಭುವೇ'. ಕನ್ನಡದ ಕಥೆ ಅಷ್ಟರಲ್ಲಿ ಊರಿನಿಂದ ಅಣ್ಣ ಕಳಿಸಿದ್ದ. ಸ್ಪೀಕರ್ ಹಾಕಿ, ಅಡುಗೆಮನೆ ಕಟ್ಟೆಗೆ ಫೋನ್ ಒರಗಿಸಿ ಓದಿದೆ. ದೇವರಿಗೆ ಒಬ್ಬ ಹೆಂಗಸು ಬರೆದ ಅಹವಾಲು ಅದು, ಜೋರಾಗಿ ಓದಿದರೆ ಅದರ ದನಿಯೇ ಬೇರೆ. ನಡುವೆ ಒಂದು ಕಡೆ ನನ್ನ ಗಂಟಲು ಕಟ್ಟಿತು. ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತೋ ಏನೋ ಅಂದುಕೊಂಡೆ. "ಇದ್ದೀನಿ ಅಮ್ಮಾ, ಓದು," ಅಂದಳು.

ಅಂದಿನಿಂದ ವಾರಕ್ಕೊಂದು ಕಥೆ ಹೀಗೇ ನಡೆಯುತ್ತಿದೆ. ಈಗ ಆಡಿಯೋ ಪುಸ್ತಕ ಬರುತ್ತವೆ, ಮೈಲ್ಯಾಂಗ್ ಥರದ ಆ್ಯಪ್‌ಗಳಿವೆ, ಓದಲು ಬಾರದ ನಮ್ಮ ಮಕ್ಕಳಿಗೆ ಅದು ದೊಡ್ಡ ಉಪಕಾರ. ನಾನೂ ಅವಳಿಗೆ ಹೇಳಿದೆ. "ಅದರಲ್ಲಿ ಕುಕ್ಕರ್ ಕೂಗಲ್ಲ," ಅಂದಳು.

ಮೂರನೇ ಮಾಳಿಗೆಯ ಮಾಯಿಯದು ಇನ್ನೊಂದು ರೀತಿ. ಕೊಂಕಣಿ ಮನೆಮಾತು, ಓದು ಕನ್ನಡದಲ್ಲಿ. ವಸುಧೇಂದ್ರರ 'ತೇಜೋ-ತುಂಗಭದ್ರಾ' ಒಯ್ದವರು ಎರಡು ತಿಂಗಳು ಇಟ್ಟುಕೊಂಡರು. 2019ರಲ್ಲಿ ಬಂದ ದಪ್ಪ ಕಾದಂಬರಿ. ಒಂದು ದಡದಲ್ಲಿ ಲಿಸ್ಬನ್, ಒಂದು ದಡದಲ್ಲಿ ವಿಜಯನಗರ, ನಡುವೆ ಗೋವಾ. ಕರಿಮೆಣಸಿಗಾಗಿ ಹಡಗು ಹತ್ತಿದವರು, ಧರ್ಮಕ್ಕಾಗಿ ಊರು ಬಿಟ್ಟವರು. ನಾನು ಅದನ್ನು ಸಾಹಸ ಕಥೆಯ ಹಾಗೆ ಓದಿದ್ದೆ, ಗಬಗಬ ಅಂತ. ಮಾಯಿ ಪಾರಾಯಣದ ಹಾಗೆ ಓದಿದರು. ದಿನಕ್ಕೆ ಹತ್ತು ಪುಟ, ದೇವರಿಗೆ ದೀಪ ಹಚ್ಚಿದ ಮೇಲೆ. ಪುಸ್ತಕದಲ್ಲಿ ಗುರುತಿಗೆ ತುಳಸಿ ಎಲೆ ಒಣಗಿತ್ತು.

ವಾಪಸ್ ಕೊಡುವಾಗ ಅವರಿಗೊಂದು ತಕರಾರು ಇತ್ತು. ಪೋರ್ಚುಗೀಸರ ಆಲ್ಬುಕರ್ಕ್ ಗೋವಾ ಹಿಡಿದದ್ದು 1510ರಲ್ಲಿ. ಕಾದಂಬರಿ ಅದರ ಆಸುಪಾಸಿನದ್ದು. ಮಾಯಿಯ ಕುಲದೇವರು ಮಂಗೇಶ. ಆ ದೇವರನ್ನು ಕುಶಸ್ಥಳಿಯಿಂದ ಹೊಳೆ ದಾಟಿಸಿ ಪ್ರಿಯೋಳಕ್ಕೆ ತಂದದ್ದು 1560ರಲ್ಲಿ, ಪೋರ್ಚುಗೀಸರ ಹೆದರಿಕೆಗೆ. "ಇನ್ನೊಂದು ಐವತ್ತು ವರ್ಷ ಮುಂದೆ ಹೋಗಿದ್ರೆ ನಮ್ಮ ದೇವರೂ ಕಥೇಲಿ ಬರ್ತಿದ್ದ," ಅಂದರು. ಬೇಜಾರಿನಲ್ಲೇ ಅಂದರು. ಬರೆದವರಿಗೆ ಕಾಗದ ಹಾಕಿ ಅಂದೆ. "ಹಾಕಿದ್ರೆ ಬರೀತಾರಾ?" ಅಂತ ನಿಜಕ್ಕೂ ಕೇಳಿದರು.

ಅದೇ ಲೇಖಕರ 'ಮೋಹನಸ್ವಾಮಿ' ಕೂಡ ಸೂಟ್‌ಕೇಸಿನಲ್ಲಿದೆ. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆಗಳು. 2013ರಲ್ಲಿ ಬಂತು, ಅಂಥ ಪ್ರೀತಿ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟು 377ನೇ ಕಲಮಿನ ತೀರ್ಪು ಕೊಡಲು ಇನ್ನೂ ಐದು ವರ್ಷ ಇತ್ತು. ಅದನ್ನು ಒಬ್ಬರು ಒಯ್ದರು. ಯಾರು ಅಂತ ಹೇಳುವುದಿಲ್ಲ, ನೋಟ್‌ಬುಕ್ಕಿನಲ್ಲೂ ಹೆಸರು ಬರೆದಿಲ್ಲ. ನಾಲ್ಕು ತಿಂಗಳು ಬರಲಿಲ್ಲ. ನಾನೂ ಕೇಳಲಿಲ್ಲ. ಒಂದು ಭಾನುವಾರ ತಂದುಕೊಟ್ಟರು. ಶಾಲೆ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಬೈಂಡು ಹಾಕಿದ್ದರು. ಮೂಲೆಗಳನ್ನು ಎಷ್ಟು ನೀಟಾಗಿ ಮಡಚಿದ್ದರೆಂದರೆ, ನನ್ನ ಕೈಯಲ್ಲಿ ಆಗದ ಕೆಲಸ. ಚಹಾ ಕುಡಿದರು, ಮಳೆಯ ಮಾತಾಡಿದರು, ಹೋದರು. ಆ ಬೈಂಡು ನಾನು ತೆಗೆದಿಲ್ಲ. ಆಮೇಲೆ ಒಯ್ದವರೆಲ್ಲ ಅದರ ಸಮೇತವೇ ಒಯ್ದಿದ್ದಾರೆ.

ಉಳಿದವರದು ಬೇಗ ಹೇಳಿಬಿಡುತ್ತೇನೆ. ಎದುರು ಮನೆಯ ಇಂಜಿನಿಯರಿಂಗ್ ಹುಡುಗನಿಗೆ ಕೆ.ಎನ್. ಗಣೇಶಯ್ಯನವರೇ ಬೇಕು. ಕೃಷಿ ವಿಜ್ಞಾನಿ ಬರೆದ ಇತಿಹಾಸದ ಥ್ರಿಲ್ಲರುಗಳು, ಹಿಂದೆ ಆಕರಗಳ ಪಟ್ಟಿ ಬೇರೆ. ಹುಡುಗ ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಫೋನು ಹಿಡಿದು ಎಲ್ಲ ನಿಜವಾ ಅಂತ ಹುಡುಕುತ್ತ ಓದುತ್ತಾನೆ. ದಾದಾಪೀರ್ ಜೈಮನ್ ಅವರ 'ನೀಲಕುರಿಂಜಿ' ಒಯ್ದ ಟೀಚರು ವಾಪಸ್ ಕೊಡದೆ ತಮ್ಮ ತಂಗಿಗೆ ಕೊಟ್ಟುಬಿಟ್ಟರು. ಕೊಡದಿದ್ದಕ್ಕೆ ಬೇಜಾರಿಲ್ಲ, ಕೇಳದೆ ಕೊಟ್ಟಿದ್ದಕ್ಕೆ ಸ್ವಲ್ಪ ಇದೆ. ಪದ್ಮನಾಭ ಭಟ್ ಶೇವ್ಕಾರರ 'ಕೇಪಿನ ಡಬ್ಬಿ'ಯನ್ನು ನಾನು ಯಾರಿಗೂ ಕೊಟ್ಟಿಲ್ಲ. ಅದು ನಮ್ಮ ಜಿಲ್ಲೆಯ ಪುಸ್ತಕ. ದೀಪಾವಳಿಯ ಪಿಸ್ತೂಲಿಗೆ ಹಾಕುವ ಕೆಂಪು ಕೇಪಿನ ವಾಸನೆ ಆ ಹೆಸರಿನಲ್ಲೇ ಇದೆ. ಹೌದು, ಇದು ಸ್ವಾರ್ಥ.

ಒಂದು ಕೊರಗು ಮಾತ್ರ ಇದೆ. ಹೊಸ ಪುಸ್ತಕಗಳಲ್ಲಿ ಬೆಂಗಳೂರು ಬೇಕಾದಷ್ಟಿದೆ. ಮಲೆನಾಡಿದೆ, ಹಂಪಿ ಇದೆ, ಲಿಸ್ಬನ್ ಕೂಡ ಇದೆ. ಮುಂಬಯಿ ಎಲ್ಲಿ? ಒಂದು ಕಾಲಕ್ಕೆ ಕನ್ನಡ ಕಥೆಗೆ ಮುಂಬಯಿ ತವರಿನ ಹಾಗಿತ್ತು. ಯಶವಂತ ಚಿತ್ತಾಲರು ಬಾಂದ್ರಾದ ಸಮುದ್ರದ ಎದುರು ಕೂತು ಬರೆದರು. 1979ರ 'ಶಿಕಾರಿ' ನೋಡಿ, ತನ್ನ ವಿರುದ್ಧ ಬಲೆ ಹೆಣೆದವರು ಯಾರು ಅಂತ ತಿಳಿಯದೆ ಒದ್ದಾಡುವ ನಾಗಪ್ಪನ ಕಥೆ ಅದು. ನವ್ಯ ಅಂತ ಪಾಠ ಮಾಡಿದ್ದಾರೆ. ನನ್ನ ಕೇಳಿದರೆ ಕನ್ನಡದ ಒಳ್ಳೆಯ ಸಸ್ಪೆನ್ಸ್ ಕಾದಂಬರಿ. ಗಾಜಿನ ಕಪಾಟಿನಲ್ಲಿ ಇಟ್ಟದ್ದರಿಂದ ಯಾರೂ ಹಾಗೆ ಕರೆಯಲಿಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಬಹುಮಾನ ಪಡೆದವು. ಆದರೆ ಆ ಕಥೆಗಳ ಮುಂಬಯಿ ಚಾಳಿನದು, ಇರಾನಿ ಹೋಟೆಲಿನದು, ಕಾಲುಭಾಗ ಈಗಾಗಲೇ ಕೆಡವಿದ್ದಾಗಿದೆ. ಮಿತ್ರಾ ವೆಂಕಟ್ರಾಜ್ ಇಲ್ಲೇ ಇದ್ದು ಬರೆದರು, ಆದರೆ ಅವರ ಕಾದಂಬರಿಯ ಮನಸ್ಸು ಹೆಚ್ಚಾಗಿ ಕರಾವಳಿಯ ಅಂಗಳದಲ್ಲೇ.

ಈಗಿನ ಮುಂಬಯಿ ಬರೆಯಬೇಕಾದವರು ನನ್ನ ಮಗಳ ವಯಸ್ಸಿನವರು. ಅವರಿಗೆ ಈ ಊರು ಒಳಗಿನಿಂದ ಗೊತ್ತು, ಅಕ್ಷರ ಗೊತ್ತಿಲ್ಲ. ನಮಗೆ ಅಕ್ಷರ ಗೊತ್ತು, ಕಣ್ಣು ಇನ್ನೂ ಕುಮಟಾದ ಕಡೆಗೇ. ಹೀಗೆ ನಡುವೆ ಒಂದು ಇಡೀ ಊರು ಬರೆಸಿಕೊಳ್ಳದೆ ಉಳಿಯಿತು.

ಭಟ್ರ ಹತ್ತಿರ ಹೀಗಂದೆ. ಅವರು ತಕ್ಷಣ ಒಂದು ಕಥೆ ಕೊಟ್ಟರು. ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದು ಕಟ್ಟಲು, ಹೋಗುವ ಮಾತು ಮೂರು ವರ್ಷದಿಂದ ನಡೆದಿದೆ. ಮೀಟಿಂಗಿನಲ್ಲಿ ಕುರ್ಚಿ ಎತ್ತುವವರೆಗೂ ಹೋಗಿದೆ. ಬಿಲ್ಡರ್ ಕೊಡುವ ಕಾರ್ಪಸ್ ದುಡ್ಡು ಎಷ್ಟು, ಕಾರ್ಪೆಟ್ ಏರಿಯಾ ಎಷ್ಟು, ಸಹಿ ಮಾಡದವರು ಯಾರು. "ಸೊಸೈಟಿ ಸೆಕ್ರೆಟರಿ ಸತ್ತು ಬಿದ್ದಿರ್ತ ಅಕ್ಕ. ನೀರಿನ ಟಾಕಿ ಹತ್ರ. ನಲವತ್ತೆಂಟು ಫ್ಲ್ಯಾಟು, ನಲವತ್ತೆಂಟು ಜನರಿಗೂ ಕಾರಣ ಇತ್ತು." ನಾನು ನಕ್ಕೆ. ಆಮೇಲೆ ರಾತ್ರಿ ನಿದ್ದೆ ಬರದೆ ಅದನ್ನೇ ಯೋಚಿಸಿದೆ. ಎಷ್ಟು ಸಲೀಸಾಗಿ ಎಲ್ಲ ಅದರೊಳಗೆ ಹಿಡಿಯುತ್ತದೆ! ದುಡ್ಡು, ಮುದುಕರು, ಅಮೆರಿಕದಲ್ಲಿರುವ ಮಕ್ಕಳ ಪವರ್ ಆಫ್ ಅಟಾರ್ನಿ, ಮರಾಠಿ, ಗುಜರಾತಿ, ಕನ್ನಡ, ಮಲಯಾಳಿ ಜಗಳ. ಸಾಹಿತ್ಯವೂ ಆಗುತ್ತದೆ, ಕಾದಂಬರಿಯೂ ಆಗುತ್ತದೆ. ಅಮ್ಮನೂ ಓದುತ್ತಿದ್ದಳು, ಅಪ್ಪನೂ. ಯಾರಾದರೂ ಬರೆಯಿರಿ. ಸೆಕ್ರೆಟರಿಯವರು ಮಾತ್ರ ಇದನ್ನು ಓದದಿರಲಿ.

ಪುಸ್ತಕ ತರಿಸುವುದೂ ಈಗೀಗ ಲೆಕ್ಕಾಚಾರದ ಕೆಲಸ. 2024ರ ಡಿಸೆಂಬರಿನಲ್ಲಿ ಪುಸ್ತಕ ಅಗ್ಗಕ್ಕೆ ಕಳಿಸುತ್ತಿದ್ದ ಅಂಚೆಯ ಹಳೆಯ ಬುಕ್ ಪೋಸ್ಟ್ ನಿಂತಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಬಂದಿದೆ. 300 ಗ್ರಾಮಿಗೆ 20 ರೂಪಾಯಿಯಿಂದ ಶುರು, 5 ಕಿಲೋಗೆ 100, ತೆರಿಗೆ ಬೇರೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಅಂತ ನಿಯಮ. ಪತ್ತೇದಾರಿ ಕಾದಂಬರಿ ಇದರಲ್ಲಿ ಯಾವುದಕ್ಕೆ ಸೇರುತ್ತದೋ! ಭಟ್ರ ಪ್ರಕಾರ ಶೈಕ್ಷಣಿಕ.

ಜೂನಿನಲ್ಲಿ ಭಟ್ರು ಊರಿಗೆ ಹೋದರು, ಮಗನ ಮನೆಗೆ. ಮಳೆಗಾಲಕ್ಕೆ ಅಂತ ಶಾನಭಾಗರದೇ 'ಸಕೀನಾಳ ಮುತ್ತು' ಕೊಟ್ಟು ಕಳಿಸಿದ್ದೆ. 2021ರದ್ದು. ಮನೆ ಬಾಗಿಲು ತಟ್ಟಿ ಮಗಳನ್ನು ಕೇಳುವ ಹುಡುಗರು, ಸಿಗದ ಮಗಳು, ಗೊತ್ತಿದ್ದೂ ಗೊತ್ತಿಲ್ಲದ ಹಾಗಿರುವ ಅಪ್ಪ. ಆಗಸ್ಟ್ ಬಂದರೂ ಸುದ್ದಿ ಇಲ್ಲ. ಪುಸ್ತಕಕ್ಕಿಂತ ಅವರದೇ ಚಿಂತೆಯಾಗಿ ಮೊನ್ನೆ ಫೋನ್ ಮಾಡಿದೆ. ಹಿಂದೆ ಜಡಿಮಳೆಯ ಸದ್ದು. ಕಣ್ಣಿನ ಪೊರೆ ತೆಗೆಸಿದ್ದರಂತೆ, ಅದಕ್ಕೇ ತಡ.

"ಇನ್ನು ಇಪ್ಪತ್ತೇ ಪುಟ ಅಕ್ಕ. ಆ ಹೆಣ್ಣು ಎಲ್ಲಿ ಹೋಯ್ತು, ಏನ್ ಆಯ್ತು, ಹೇಳ್ಬೇಡಿ. ನಾನೇ ಕಂಡು ಹಿಡೀತೆ."

ಹೇಳುವುದಿಲ್ಲ ಅಂದೆ. ನನಗೆ ಗೊತ್ತಿದ್ದರೆ ತಾನೆ.